ವಿಕೇಂದ್ರೀಕೃತ ಸಾಮಾಜಿಕ ಜಾಲಗಳಲ್ಲಿ ಹಕ್ಕುಸ್ವಾಮ್ಯ

ಒಂದೇ ಕಂಪನಿಯ ಹಿಡಿತದಲ್ಲಿರದೆ, ಹಲವು ಸರ್ವರ್‌ಗಳು ಕೂಡಿ ನಡೆಸುವ ಮಾಸ್ಟೊಡನ್, ಪಿಕ್ಸೆಲ್‌ಫೆಡ್‌ನಂಥ ಜಾಲಗಳಲ್ಲಿ ಜನ ಹಾಕುವ ಪೋಸ್ಟ್‌ಗಳ ಒಡೆತನ ಮತ್ತು ಪರವಾನಗಿಯ ವಿಚಾರ.

ಹೈದರಾಬಾದಿಗೆ ಇಂಥ ಪರವಾನಗಿಯ ಮಾತು ಹೊಸದಲ್ಲ. ಇಲ್ಲಿನ ಸ್ವೇಚ್ಛ ಸಂಸ್ಥೆ ಬಹುಕಾಲದಿಂದ ವಿದ್ಯಾರ್ಥಿಗಳಿಗೆ ಮುಕ್ತ ತಂತ್ರಾಂಶದ ಪಾಠ ಹೇಳುತ್ತಿದೆ. 2023ರ ಏಪ್ರಿಲ್‌ನಲ್ಲಿ ವಿಕಿಪೀಡಿಯ ಬರಹಗಾರರ ಸಮಾವೇಶವಾದ ವಿಕಿಕಾನ್ಫರೆನ್ಸ್ ಇಂಡಿಯಾ ನಡೆದದ್ದೂ ಇಲ್ಲೇ. ವಿಕಿಪೀಡಿಯದಲ್ಲಿ ‘ಪ್ರಕಟಿಸಿ’ ಗುಂಡಿ ಒತ್ತಿದೊಡನೆ ಬರಹ, ಬೇರೆಯವರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಡುತ್ತದೆ. ಮಾಸ್ಟೊಡನ್‌ನಲ್ಲಿ ಹಾಗಿಲ್ಲ. 2016ರಲ್ಲಿ ಯೂಜೆನ್ ರೊಚ್ಕೊ ಹೊರತಂದ ಆ ತಂತ್ರಾಂಶಕ್ಕೆ ಎಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿ ಇದೆ, ಅದರಲ್ಲಿ ಬರೆದ ಪೋಸ್ಟಿಗೆ ಯಾವುದೂ ಇಲ್ಲ.

ಭಾರತೀಯರು ಗುಂಪುಗುಂಪಾಗಿ ಮಾಸ್ಟೊಡನ್‌ನತ್ತ ಹೊರಟದ್ದು 2019ರ ನವೆಂಬರ್‌ನಲ್ಲಿ, ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ. ಜಗಳ ವಾಕ್‌ಸ್ವಾತಂತ್ರ್ಯದ್ದು, ಹಕ್ಕುಸ್ವಾಮ್ಯ ಮಾತಿಗೇ ಬರಲಿಲ್ಲವೆನ್ನಬಹುದು. ಪೋಸ್ಟನ್ನು ಜಗತ್ತಿನಾದ್ಯಂತ ಪುಕ್ಕಟೆ ಬಳಸಿಕೊಳ್ಳಲು ಟ್ವಿಟರ್‌ಗೆ ಒಪ್ಪಿಗೆ ಕೊಟ್ಟಿದ್ದವರು, ಹೊಸ ಜಾಗದ ಬಹುಪಾಲು ಸರ್ವರ್‌ಗಳಲ್ಲಿ ಯಾರಿಗೂ ಏನೂ ಬರೆದುಕೊಡಲಿಲ್ಲ.

ತೊಡಕು ಇರುವುದು ಇಲ್ಲೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಒಡೆಯರು. 30ನೇ ಸೆಕ್ಷನ್ ಪ್ರಕಾರ ಪರವಾನಗಿ ಲಿಖಿತವಾಗಿರಬೇಕು. ಮೆಹದಿಪಟ್ನಂನ ಬಾಡಿಗೆ ಕೋಣೆಯಲ್ಲಿ ಕೂತು ಒಬ್ಬ ಕನ್ನಡಿಗ ನಾಲ್ಕು ಸಾಲು ಹಾಕಿದನೆನ್ನಿ. ಅವನನ್ನು ಹಿಂಬಾಲಿಸುವವರು ಬೆಂಗಳೂರಿನಲ್ಲೂ ಬರ್ಲಿನ್‌ನಲ್ಲೂ ಇದ್ದರೆ ಅವರವರ ಸರ್ವರ್‌ನಲ್ಲಿ ಒಂದೊಂದು ಪ್ರತಿ ಹೋಗಿ ಕೂರುತ್ತದೆ. ಮನಸ್ಸು ಬದಲಿಸಿ ಅಳಿಸಿದರೆ ‘ಅಳಿಸಿ’ ಎಂಬ ಸಂದೇಶವೂ ಬೆನ್ನಿಗೇ ಓಡುತ್ತದೆ. ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2018ರಲ್ಲಿ ಅಂಗೀಕರಿಸಿದ, ಸರ್ವರ್‌ಗಳು ಪರಸ್ಪರ ಮಾತಾಡುವ ನಿಯಮಾವಳಿ ಆ್ಯಕ್ಟಿವಿಟಿಪಬ್‌ನ ಕ್ರಮ ಇದು. ಕೇಳುವುದು ಬಿಡುವುದು ಆಯಾ ಸರ್ವರ್ ನಡೆಸುವವರಿಗೆ ಸೇರಿದ್ದು. ಈ ಪ್ರತಿಗಳಿಗೆಲ್ಲ ಬರೆದವನ ಮೌನ ಸಮ್ಮತಿ ಇದೆ ಎಂಬುದೇ ವಾದ. ತೀರ ಬಡಕಲು ವಾದ. ಹೀಗೆ ಪ್ರತಿ ಇಟ್ಟುಕೊಳ್ಳುವವರಿಗೆಂದು 2012ರ ತಿದ್ದುಪಡಿ ಕಾಯ್ದೆಯ 52ನೇ ಸೆಕ್ಷನ್‌ಗೆ ಸೇರಿಸಿದ ವಿನಾಯಿತಿಯೂ ತಾತ್ಕಾಲಿಕ, ಪ್ರಾಸಂಗಿಕ ಶೇಖರಣೆಗಷ್ಟೇ. ಲಿಖಿತ ದೂರು ಬಂದರೆ 36 ಗಂಟೆಯೊಳಗೆ ಪ್ರತಿಯನ್ನು ತಡೆಹಿಡಿಯಬೇಕು. ಕೋರ್ಟ್ ಆದೇಶ ಬಾರದಿದ್ದರೆ 21 ದಿನಗಳ ಬಳಿಕ ಮತ್ತೆ ತೋರಿಸಬಹುದು. ಬಿಡುವಿನಲ್ಲಿ, ಕೈಯಿಂದ ಕಾಸು ಹಾಕಿ ಸರ್ವರ್ ನಡೆಸುವ ಒಂಟಿ ಮನುಷ್ಯನಿಗೂ ಇದೇ ಗಡುವು.

ಪಿಕ್ಸೆಲ್‌ಫೆಡ್, ಪಿಯರ್‌ಟ್ಯೂಬ್‌ಗಳು ಚಿತ್ರಕ್ಕೆ, ವಿಡಿಯೊಗೆ ಪರವಾನಗಿ ಆರಿಸುವ ಸೌಲಭ್ಯ ಕೊಟ್ಟಿವೆ. ಅಕ್ಷರದ ಪೋಸ್ಟಿಗೆ ಬೆಲೆ ಬಂದದ್ದು ಎಐ ಕಾಲದಲ್ಲಿ. 2024ರ ನವೆಂಬರ್‌ನಲ್ಲಿ ಇನ್ನೊಂದು ಜಾಲವಾದ ಬ್ಲೂಸ್ಕೈನ 10 ಲಕ್ಷ ಪೋಸ್ಟ್‌ಗಳ ಸಂಗ್ರಹವೊಂದು ಪ್ರಕಟವಾಗಿ, ಬರೆದವರು ತಿರುಗಿಬಿದ್ದ ಮೇಲೆ ಮರೆಯಾಯಿತು. 2025ರ ಜೂನ್‌ನಲ್ಲಿ ಮಾಸ್ಟೊಡನ್ ತಂಡವೇ ನಡೆಸುವ ಸರ್ವರ್ ಮಾಸ್ಟೊಡನ್.ಸೋಷಿಯಲ್, ಎಐ ತರಬೇತಿಗಾಗಿ ಪೋಸ್ಟ್ ಬಾಚುವುದನ್ನು ನಿಷೇಧಿಸುವ ನಿಯಮಗಳನ್ನು ಪ್ರಕಟಿಸಿತು.

ತಮ್ಮ ಬರಹ ಬೇರೆಯವರಿಗೂ ಒದಗಲಿ ಎನ್ನುವವರು ಪ್ರೊಫೈಲಿನಲ್ಲೇ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ-ಎಸ್‌ಎ ಪರವಾನಗಿ ಎಂದು ಬರೆದುಕೊಳ್ಳುವುದುಂಟು. ಬರೆದುಕೊಳ್ಳದವರ ಹಕ್ಕು ಭಾರತದಲ್ಲಿ ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ.