ರೇಡಿಯೋಗೆ ಬೇಡವಾದ ಪೆಟ್ಟಿಗೆ, ಬಿಜಾಪುರೆ ಮಾಸ್ತರರು

ನಮ್ಮ ಪಂಚನಹಳ್ಳಿ ಕಡೆ ಪೌರಾಣಿಕ ನಾಟಕ ಕಲಿಸುವವರನ್ನು ಹಾರ್ಮೋನಿಯಂ ಮೇಷ್ಟ್ರು ಅಂತಲೇ ಕರೆಯೋದು. ಕೃಷ್ಣನಿಗೆ ಶ್ರುತಿ ಕೊಡೋರು ಅವರೇ, ದುರ್ಯೋಧನ ಮಾತು ಮರೆತರೆ ಬಯ್ಯೋರೂ ಅವರೇ. ಅಂಥ ಪೆಟ್ಟಿಗೆಯನ್ನು ರೇಡಿಯೋದವರು ಮೂವತ್ತೊಂದು ವರ್ಷ ಹೊರಗಿಟ್ಟಿದ್ದರು ಅಂತ ಓದಿದಾಗ ನನಗೆ ನಂಬೋಕೇ ಆಗಲಿಲ್ಲ.

1940ರ ಮಾರ್ಚಿನಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ನಿಷೇಧಿಸಿತು. ಆಗ ಅದರ ಮುಖ್ಯಸ್ಥ ಲಯೊನೆಲ್ ಫೀಲ್ಡನ್ ಎಂಬ ಇಂಗ್ಲಿಷರವನು. ರವೀಂದ್ರನಾಥ ಠಾಕೂರರಿಗೂ ಈ ವಾದ್ಯ ಹಿಡಿಸುತ್ತಿರಲಿಲ್ಲ. ಅವರ ಆಕ್ಷೇಪಣೆ ತಳ್ಳಿಹಾಕುವಂಥದ್ದಲ್ಲ ಬಿಡಿ. ಹಾರ್ಮೋನಿಯಂನಲ್ಲಿ ಸ್ವರದ ಮನೆಗಳು ಮೊದಲೇ ಗಟ್ಟಿಯಾಗಿ ಕೂತಿರುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರೋಲ್ಲ. ಅದು ಯುರೋಪಿನಿಂದ ಬಂದದ್ದು ಅನ್ನೋ ಸಿಟ್ಟೂ ಇತ್ತು. ಸ್ವಾತಂತ್ರ್ಯ ಬಂದ ಮೇಲೂ, 1952ರಿಂದ 62ರವರೆಗೆ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಕಾಲದಲ್ಲೂ, ಬಾಗಿಲು ತೆರೆಯಲಿಲ್ಲ.

ಈಗ ರಾಮ್ ಕಲ್ಲೋ ಬಿಜಾಪುರೆಯವರ ವಿಷಯಕ್ಕೆ ಬರೋಣ. ಹುಟ್ಟಿದ್ದು 1917ರಲ್ಲಿ, ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ. ನಿಷೇಧ ಬಂದಾಗ ವಯಸ್ಸು 23. ಸಾಥಿಗೆ ಮಾತ್ರ ಅಂತ 1971ರಲ್ಲಿ ಅದು ಸಡಿಲವಾದಾಗ 54. ಲೆಕ್ಕ ಹಾಕಿ ನೋಡಿ, ಒಬ್ಬ ಕಲಾವಿದನ ಕೈ ಚೆನ್ನಾಗಿ ಓಡುವ ವರ್ಷಗಳೆಲ್ಲ ಅದರೊಳಗೇ ಬಂತು!

ಆದರೂ ಅವರು ಪೇಟಿ ಬಿಡಲಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಂಥವರಿಗೆಲ್ಲ ಕಚೇರಿಗಳಲ್ಲಿ ಸಾಥಿ ಕೊಟ್ಟರು. ತಮಾಷೆ ಏನು ಗೊತ್ತೇ? ಇದೇ ಗಾಯಕರು ರೇಡಿಯೋ ಸ್ಟುಡಿಯೋಗೆ ಹೋದರೆ ಪಕ್ಕದಲ್ಲಿ ಸಾರಂಗಿಯೋ ಪಿಟೀಲೋ ಇರಬೇಕಿತ್ತು. ಊರ ವೇದಿಕೆ ಮೇಲೆ ಮಾತ್ರ ಪೇಟಿ. ಅಂದರೆ ಸರ್ಕಾರ ಬೇಡ ಅಂದದ್ದನ್ನು ಹಾಡುವವರೂ ಕೇಳುವವರೂ ಬೇಕು ಅಂತಲೇ ಇಟ್ಟುಕೊಂಡರು.

ಬೆಳಗಾವಿಯಲ್ಲಿ ದಶಕಗಳ ಕಾಲ ಪಾಠ ಹೇಳಿದರು. ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿ ಅವರ ಶಿಷ್ಯರು. ಇವತ್ತು ಇವರು ಹಾರ್ಮೋನಿಯಂ ಒಂದನ್ನೇ ಮುಂದಿಟ್ಟುಕೊಂಡು ಕಚೇರಿ ಮಾಡುತ್ತಾರೆ. ವಾದ್ಯದ ಕುಂದು ಹಾಗೇ ಇದೆ, ಮೀಂಡ್ ಈಗಲೂ ಬರೋಲ್ಲ. ಅದನ್ನು ತಿದಿಯ ಹಿಡಿತದಲ್ಲಿ, ಬೆರಳಿನ ನಯದಲ್ಲಿ ಮರೆಸೋದೇ ವಿದ್ಯೆ.

ಬಿಜಾಪುರೆ ಮಾಸ್ತರರು 2010ರ ನವೆಂಬರಿನಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ರೇಡಿಯೋ ಕಡೆ ತಲೆಯೇ ಹಾಕದ ನಮ್ಮೂರ ಮೇಷ್ಟ್ರುಗಳ ಹೆಸರು ಎಲ್ಲೂ ದಾಖಲಾಗಿಲ್ಲ. ನಿಮ್ಮೂರಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರ ಬಗ್ಗೆ ನಾಲ್ಕು ಸಾಲು ಬರೆದಿಡಿ, ಓದೋಕೆ ನಾನಿದ್ದೀನಿ.