ಮೆಕೆಂಜಿ ಸಂಗ್ರಹದ ವಿಭಜನೆ ಮತ್ತು ದತ್ತಾಂಶ ಭಂಡಾರದ ಆಯ್ಕೆ

1821ರ ಮೇ 8ರಂದು ಕರ್ನಲ್ ಕಾಲಿನ್ ಮೆಕೆಂಜಿ ನಿಧನರಾದಾಗ ಅವರ ಸಂಗ್ರಹವು ಕಲ್ಕತ್ತೆಯಲ್ಲಿತ್ತು. ಅದನ್ನು ಓದಬಲ್ಲವರಲ್ಲಿ ಬಹುಪಾಲು ಮಂದಿ ದಕ್ಷಿಣದಲ್ಲಿದ್ದರು. ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ ಮೆಕೆಂಜಿ 1817ರಲ್ಲಿ ಮದರಾಸಿನಿಂದ ಹೊರಟಾಗ ಸಂಗ್ರಹವನ್ನೂ ಕೆಲವು ಸಹಾಯಕರನ್ನೂ ಜೊತೆಗೆ ಕರೆದೊಯ್ದಿದ್ದರು. ಸಂಶೋಧನೆಯ ಸಾಮಗ್ರಿಯನ್ನು ಎಲ್ಲಿ ಇಡಬೇಕೆಂಬ ನಿರ್ಧಾರವು ಇಲ್ಲಿ ಉದ್ಯೋಗದ ವರ್ಗಾವಣೆಯೊಂದಿಗೆ ತಾನಾಗಿಯೇ ಆಗಿಹೋಯಿತು. ಗಡಿನಾಡಿನ ಕನ್ನಡದ ಚರಿತ್ರೆಯನ್ನು ಅಭ್ಯಸಿಸುವವರು ಆ ನಿರ್ಧಾರದ ಪರಿಣಾಮವನ್ನು ಇಂದಿಗೂ ಎದುರಿಸುತ್ತಿದ್ದಾರೆ.

ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಸಂಗ್ರಹದಲ್ಲಿ 1,568 ಸಾಹಿತ್ಯಕೃತಿಗಳು, 2,070 ಸ್ಥಳೀಯ ಬರೆಹಗಳು, 8,076 ಶಾಸನಪ್ರತಿಗಳು, 2,159 ಅನುವಾದಗಳು ಇದ್ದವು. ನಾಣ್ಯ, ಚಿತ್ರ, ವಿಗ್ರಹಗಳ ಲೆಕ್ಕ ಬೇರೆ. ‘ಸ್ಥಳೀಯ ಬರೆಹ’ ಎಂಬ ಶೀರ್ಷಿಕೆಯ ಕೆಳಗೆ ಸೇರಿದ್ದವುಗಳಲ್ಲಿ ಬಹುಮುಖ್ಯವಾದವು ಕೈಫಿಯತ್ತುಗಳು. ಊರಿನ ಕರಣಿಕರು, ಅರ್ಚಕರು, ಪಾಳೆಯಗಾರ ಮನೆತನದ ಹಿರಿಯರು ಹೇಳಿದ್ದನ್ನೂ ತಮ್ಮ ಕಡತಗಳಿಂದ ಓದಿ ತಿಳಿಸಿದ್ದನ್ನೂ ಸಹಾಯಕರು ಬರೆದುಕೊಂಡ ದಾಖಲೆಗಳಿವು. ಕಾವಲಿ ಸೋದರರಾದ ವೆಂಕಟ ಬೋರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ ಈ ಕಾರ್ಯದ ಬೆನ್ನೆಲುಬಾಗಿದ್ದರು. ಹಳಗನ್ನಡ ಶಾಸನಗಳನ್ನು ಓದಲು ಧರ್ಮಯ್ಯನೆಂಬ ಜೈನ ಪಂಡಿತರಿದ್ದರು. ‘ರಾಜಾವಳಿ ಕಥೆ’ಯ ಕರ್ತೃ ದೇವಚಂದ್ರನಿಗೂ ಮೆಕೆಂಜಿಗೂ ನಂಟಿತ್ತು. ಮೆಕೆಂಜಿಗೆ ಸ್ವತಃ ಈ ಭಾಷೆಗಳಲ್ಲಿ ಓದುವಷ್ಟು ಪ್ರವೇಶವಿರಲಿಲ್ಲ. ಯಾವ ಬರೆಹ ಯಾವ ಊರಿನದು, ಯಾರ ಬಾಯಿಂದ ಬಂದದ್ದು, ಯಾವ ಕಡತದ ನಕಲು ಎಂಬ ಅರಿವು ಉಳಿದಿದ್ದುದು ಸಹಾಯಕರ ನೆನಪಿನಲ್ಲಿ.

ಮೆಕೆಂಜಿಯವರ ಪತ್ನಿಯಿಂದ ಕಂಪನಿ ಸರ್ಕಾರ ಸಂಗ್ರಹವನ್ನು 10,000 ಪೌಂಡುಗಳಿಗೆ ಖರೀದಿಸಿತು. ಆ ಕಾಲಕ್ಕೆ ದೊಡ್ಡ ಮೊತ್ತವೇ. ಹಣ ಕೊಟ್ಟವರು ಅದರ ಏಕತೆಗೆ ಅಷ್ಟೇ ಬೆಲೆ ಕೊಡಲಿಲ್ಲ. 1823 ಮತ್ತು 1825ರಲ್ಲಿ ಕೆಲವು ಭಾಗಗಳು ಲಂಡನ್ನಿಗೆ ಹೋದವು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು 1828ರ ಬಳಿಕ ಮದರಾಸಿಗೆ ಹಿಂದಿರುಗಿದವು. ಇಂಗ್ಲಿಷ್ ಅನುವಾದಗಳ ಬಹುಭಾಗ ಒಂದು ಖಂಡದಲ್ಲಿ, ಅವುಗಳ ಮೂಲ ಇನ್ನೊಂದು ಖಂಡದಲ್ಲಿ ಉಳಿದವು. ಮೂಲವನ್ನೂ ಅನುವಾದವನ್ನೂ ಎದುರುಬದುರು ಇಟ್ಟು ನೋಡುವುದೆಂಬ ಸಾಮಾನ್ಯ ವಿದ್ವತ್ಕಾರ್ಯವೇ ಹೀಗೆ ಸಮುದ್ರಯಾನದ ವಿಷಯವಾಯಿತು.

ಹಂಚಿಕೆಗಿಂತ ದೊಡ್ಡ ನಷ್ಟ ಬೇರೊಂದಿತ್ತು. ಕಾವಲಿ ಲಕ್ಷ್ಮಯ್ಯನವರು ಸಂಗ್ರಹಕಾರ್ಯವನ್ನು ಮುಂದುವರಿಸಲು ತಮಗೆ ಅವಕಾಶ ಕೊಡಬೇಕೆಂದು ಕೇಳಿಕೊಂಡರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಅದನ್ನು ಪುರಸ್ಕರಿಸಲಿಲ್ಲ. ಮದರಾಸಿನ ಪ್ರತಿಗಳ ಪರಿಶೀಲನೆ ವಿಲಿಯಂ ಟೇಲರ್ ಅವರ ಪಾಲಿಗೆ ಬಂತು. ಟೇಲರ್ ಶ್ರಮಪಟ್ಟರೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮಸಿ ಮಾಸಿದ, ಹುಳು ತಿಂದ ಕಾಗದಗಳನ್ನು ಅವರು ಓದಿದ್ದು ಬರೆದವರಿಲ್ಲದ ಕೋಣೆಯಲ್ಲಿ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ದತ್ತಾಂಶವನ್ನು ಉಳಿಸಿಕೊಂಡ ಸಂಸ್ಥೆಗಳು ಅದರ ಮೆಟಾಡೇಟಾವನ್ನು ಮನೆಗೆ ಕಳುಹಿಸಿದವು. ಸಿ. ಪಿ. ಬ್ರೌನ್ ಶಿಥಿಲ ಪ್ರತಿಗಳ ನಕಲು ಮಾಡಿಸಿರದಿದ್ದರೆ, ಲಂಡನ್ನಿನಲ್ಲಿ ಬಿದ್ದಿದ್ದ ಹಸ್ತಪ್ರತಿಗಳನ್ನು ಮದರಾಸಿಗೆ ತರಿಸಿರದಿದ್ದರೆ ಉಳಿದದ್ದು ಇನ್ನೂ ಕಡಿಮೆ. 1869ರಲ್ಲಿ ರೂಪುಗೊಂಡ ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಮೆಕೆಂಜಿ, ಬ್ರೌನ್, ಲೇಡನ್ ಸಂಗ್ರಹಗಳು ಒಟ್ಟುಗೂಡಿದವು. ಎಂ. ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ್ದು 1994ರಲ್ಲಿ, ಅಂದರೆ ಮೆಕೆಂಜಿ ತೀರಿಕೊಂಡ 173 ವರ್ಷಗಳ ಮೇಲೆ.

ಗಡಿಯ ಊರುಗಳ ವಿಷಯದಲ್ಲಿ ಪಟ್ಟಿಯ ಕ್ರಮವೇ ಒಂದು ತೊಡಕು. ಭಾಷೆಯಂತೆ ವಿಂಗಡಿಸಿದ ಭಂಡಾರದಲ್ಲಿ ಕಾಗದವು ಲಿಪಿಕಾರನ ಭಾಷೆಯನ್ನು ಹಿಡಿದು ಹೋಗುತ್ತದೆ, ಊರಿನ ಭಾಷೆಯನ್ನಲ್ಲ. ತೆಲುಗು ಬಲ್ಲ ಕರಣಿಕ ಬರೆಸಿದ ಕನ್ನಡದ ಊರೊಂದರ ವೃತ್ತಾಂತ ತೆಲುಗು ಕಪಾಟಿನಲ್ಲಿರುತ್ತದೆ. ಮೋಡಿಯಲ್ಲಿ ಬರೆದದ್ದು ಮರಾಠಿಯಲ್ಲಿ. ಪ್ರದೇಶದಂತೆ ವಿಂಗಡಿಸಿದರೂ ಸಮಸ್ಯೆ ತಪ್ಪದು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ‘ದತ್ತ ಮಂಡಲ’ದ ಭಾಗವಾಗಿದ್ದ ಮಡಕಶಿರಾ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 1882ರಲ್ಲಿ ಅನಂತಪುರಕ್ಕೆ ಸೇರಿತು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದಾಗ ಅದೇ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ‘ಬಳ್ಳಾರಿ’ ಎಂದಷ್ಟೇ ಬರೆದ ಹಳೆಯ ನಮೂದು ಇಂದಿನ ಓದುಗನನ್ನು ಗಡಿಯ ಯಾವ ಕಡೆಗೂ ಕೊಂಡೊಯ್ಯಬಹುದು.

ಸಂಶೋಧಕರು ಈಗ ಧ್ವನಿಮುದ್ರಣವನ್ನೋ ಜನಪದ ಪಠ್ಯವನ್ನೋ ಹಸ್ತಪ್ರತಿಯ ಛಾಯಾಪ್ರತಿಯನ್ನೋ ಡಿಜಿಟಲ್ ಭಂಡಾರದಲ್ಲಿ ಇಡಲು ಹೊರಟಾಗ ಎದುರಾಗುವುದು ಇದೇ ಪ್ರಶ್ನೆ. 2013ರಲ್ಲಿ ಸರ್ನ್ ಆರಂಭಿಸಿದ ಝೆನೋಡೊದಂಥ ಸಾರ್ವತ್ರಿಕ ಭಂಡಾರ ಯಾರ ದತ್ತಾಂಶವನ್ನಾದರೂ ಸ್ವೀಕರಿಸಿ ಡಿಒಐ ಎಂಬ ಶಾಶ್ವತ ಗುರುತನ್ನು ಕೊಡುತ್ತದೆ. ಆದರೆ ವಿವರಣೆಯ ಹೊಣೆ ಬಹುಮಟ್ಟಿಗೆ ಠೇವಣಿದಾರನದೇ. ಭಾಷಾಸಾಮಗ್ರಿಗೆಂದೇ ಇರುವ ಪ್ಯಾರಡಿಸೆಕ್, ಇಲಾರ್‌ಗಳಲ್ಲಿ ಮಾತಾಡಿದವರು, ಸ್ಥಳ, ಸಂದರ್ಭ, ಅನುಮತಿ ಇವುಗಳಿಗೆ ಪ್ರತ್ಯೇಕ ಅಂಕಣಗಳಿವೆ. ಹಾಗಾಗಿ ಗಡಿನಾಡಿನ ಸಾಮಗ್ರಿಗೆ ಇವೇ ಹೆಚ್ಚು ಒಪ್ಪುತ್ತವೆ ಎನ್ನಬಹುದು, ಒಂದು ಅಡ್ಡಿಯನ್ನು ಬಿಟ್ಟು: ಇಂಥವು ಅಳಿವಿನಂಚಿನ ಭಾಷೆಗಳನ್ನು ಮುಂದಿಟ್ಟುಕೊಂಡು ಹುಟ್ಟಿದವು. ಕನ್ನಡ ಅಳಿವಿನಂಚಿನ ಭಾಷೆಯಲ್ಲ. ಅಕ್ಕಲಕೋಟೆಯ ಕನ್ನಡದ ಸ್ಥಿತಿ ಬೇರೆ. ಐಎಸ್‌ಒ ಭಾಷಾಸಂಕೇತಗಳಲ್ಲಿ ನೀಲಗಿರಿಯ ಬಡಗಕ್ಕೆ ತನ್ನದೇ ಸಂಕೇತವಿದೆ, ಆದರೆ ಕಾಸರಗೋಡಿನಿಂದ ತಾಳವಾಡಿಯವರೆಗೆ, ಜತ್ತದಿಂದ ಮಡಕಶಿರಾದವರೆಗೆ ಕನ್ನಡಕ್ಕೆ ಮೂರಕ್ಷರದ ಒಂದೇ ಸಂಕೇತ. ಹಳ್ಳಿಯ ಹೆಸರು, ಅಕ್ಷಾಂಶ-ರೇಖಾಂಶ, ದಾಖಲಿಸಿದ ದಿನದ ಜಿಲ್ಲೆ, ಮಾತಾಡಿದವರು ಬಲ್ಲ ಇತರ ಭಾಷೆಗಳು, ಲಿಪಿ ಇವನ್ನು ಬೇರೆ ಬೇರೆಯಾಗಿ ನಮೂದಿಸಲು ಬಿಡದ ಭಂಡಾರ ಎಷ್ಟೇ ಸುಭದ್ರವಾಗಿದ್ದರೂ ಆ ಕನ್ನಡವನ್ನು ಮತ್ತೆ ತಪ್ಪು ಕಪಾಟಿಗೆ ಸೇರಿಸುತ್ತದೆ.

ಸಂಗ್ರಹಗಳು ಸ್ಥಳ ಬದಲಿಸುವುದೂ ನಿಂತಿಲ್ಲ. ಲಂಡನ್ನಿನ ಸೋಯಸ್ ಸಂಸ್ಥೆಯಲ್ಲಿ 2002ರಲ್ಲಿ ಹುಟ್ಟಿದ ಇಲಾರ್ 2021ರಲ್ಲಿ ಬರ್ಲಿನ್-ಬ್ರಾಂಡೆನ್‌ಬರ್ಗ್ ವಿಜ್ಞಾನ ಅಕಾಡೆಮಿಗೆ ವರ್ಗವಾಯಿತು. ಈ ಬಾರಿ ಸಂಗ್ರಹ ಭಾಷೆಯ ಲೆಕ್ಕದಲ್ಲಿ ಹರಿದು ಹಂಚಿಹೋಗಲಿಲ್ಲ, ಒಂದಾಗಿಯೇ ಹೋಯಿತು. ಭಂಡಾರವನ್ನು ನಡೆಸುವ ಸಂಸ್ಥೆ ಕೈಬಿಟ್ಟರೆ ಸಾಮಗ್ರಿ ಯಾರ ವಶಕ್ಕೆ, ಯಾವ ಷರತ್ತಿನ ಮೇಲೆ ಹೋಗುತ್ತದೆ, ಮಾತಾಡಿದ ಊರಿನವರಿಗೆ ಅದರ ಒಂದು ಪ್ರತಿ ಸಿಗುತ್ತದೆಯೇ ಎಂಬ ಕಲಮು ಠೇವಣಿ ಒಪ್ಪಂದದ ಕೊನೆಯ ಪುಟಗಳಲ್ಲಿ ಎಲ್ಲೋ ಇರುತ್ತದೆ. ಲಕ್ಷ್ಮಯ್ಯನವರ ಕಾಲದಲ್ಲಿ ಅಂಥ ಒಪ್ಪಂದವಾಗಲಿ, ಅದನ್ನು ಓದಿ ಸಹಿ ಹಾಕುವ ಹಕ್ಕಾಗಲಿ ಅವರಿಗಿರಲಿಲ್ಲ.