ಯುಎಸ್‌ಬಿ ಪೋರ್ಟ್ ಇದ್ದರೆ ಸಾಕು, ಯಾವ ಕಂಪ್ಯೂಟರ್‌ಗಾದರೂ ಇನ್ನೊಂದು ಮಾನಿಟರ್ ಜೋಡಿಸಬಹುದೇ?

ಸಾರಾಂಶ

"ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಪೋರ್ಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಯುಎಸ್‌ಬಿಗೆ ಒಂದು ಕೇಬಲ್ ಹಾಕಿದರೆ ಎಷ್ಟು ಮಾನಿಟರ್ ಬೇಕಾದರೂ ಜೋಡಿಸಬಹುದು" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸಬಹುದು, ನಿಜ. ಆದರೆ ಎಲ್ಲ ಪೋರ್ಟ್‌ಗಳಲ್ಲೂ ಅಲ್ಲ, ಎಲ್ಲ ಕೇಬಲ್‌ಗಳಿಂದಲೂ ಅಲ್ಲ. ವ್ಯತ್ಯಾಸ ತಿಳಿಯದೆ ಕೊಂಡರೆ ಹಣ ಹೋಗುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಹಳೆಯ ಚೌಕಾಕಾರದ ಯುಎಸ್‌ಬಿ ಪೋರ್ಟ್‌ನಿಂದ ಚಿತ್ರ ನೇರವಾಗಿ ಬರುತ್ತದೆಯೇ?

ಇಲ್ಲ. ಪೆನ್‌ಡ್ರೈವ್, ಮೌಸ್ ಹಾಕುವ ಅಗಲವಾದ ಪೋರ್ಟ್‌ಗೆ ಟೈಪ್-ಎ ಎನ್ನುತ್ತಾರೆ. ಇದು ಕಡತಗಳಂಥ ಮಾಹಿತಿಯನ್ನು ಸಾಗಿಸಲು ಮಾಡಿದ್ದು. ಕಂಪ್ಯೂಟರ್‌ನಲ್ಲಿ ಚಿತ್ರ ತಯಾರಿಸುವ ಗ್ರಾಫಿಕ್ಸ್ ಭಾಗಕ್ಕೂ ಈ ಪೋರ್ಟ್‌ಗೂ ನೇರ ಸಂಪರ್ಕ ಇರುವುದಿಲ್ಲ.

ವೇಗದ ಲೆಕ್ಕವನ್ನೂ ನೋಡೋಣ. ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಯ ಬಣ್ಣಕ್ಕೆ 24 ಬಿಟ್ ಬೇಕು. ಸೆಕೆಂಡಿಗೆ 60 ಬಾರಿ ಚಿತ್ರ ಬದಲಾದರೆ ಒಟ್ಟು ಸುಮಾರು 3 ಗಿಗಾಬಿಟ್ ಆಗುತ್ತದೆ. ಯುಎಸ್‌ಬಿ 2.0 ಪೋರ್ಟ್‌ನ ಗರಿಷ್ಠ ವೇಗ 480 ಮೆಗಾಬಿಟ್ ಮಾತ್ರ. ಬೇಕಾದದ್ದರಲ್ಲಿ ಆರನೇ ಒಂದು ಪಾಲೂ ಅಲ್ಲ!

ಯುಎಸ್‌ಬಿ 3.0 ವೇಗ 5 ಗಿಗಾಬಿಟ್. ಆದರೂ ಬರೀ ತಂತಿ ಸಾಲದು. ಯುಎಸ್‌ಬಿ ಕಳಿಸುವುದನ್ನು ಎಚ್‌ಡಿಎಂಐ ಅರ್ಥ ಮಾಡಿಕೊಳ್ಳುವುದಿಲ್ಲ, ನಡುವೆ ಅದನ್ನು ಬದಲಾಯಿಸುವ ಚಿಪ್ ಇರಲೇಬೇಕು. ಒಂದು ತುದಿಯಲ್ಲಿ ಟೈಪ್-ಎ, ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ ಇದ್ದು ನಡುವೆ ಯಾವ ಚಿಪ್ಪೂ ಇಲ್ಲದ ಅಗ್ಗದ ಕೇಬಲ್‌ಗಳು ಮಾರಾಟಕ್ಕಿವೆ. ಲ್ಯಾಪ್‌ಟಾಪ್‌ನ ಚಿತ್ರವನ್ನು ಮಾನಿಟರ್‌ಗೆ ತರುವುದು ಇವುಗಳಿಂದ ಆಗದ ಕೆಲಸ.

ಹಾಗಾದರೆ ಟೈಪ್-ಸಿ ಪೋರ್ಟ್ ಇದ್ದರೆ ಸಾಕೇ?

ಅದೂ ಗ್ಯಾರಂಟಿ ಅಲ್ಲ. ಎರಡೂ ಕಡೆಯಿಂದ ತೂರಿಸಬಹುದಾದ ಟೈಪ್-ಸಿ ಪೋರ್ಟ್ ಬಂದದ್ದು 2014ರಲ್ಲಿ. ಅದೇ ವರ್ಷ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಎಂಬ ವ್ಯವಸ್ಥೆಯೂ ಪ್ರಕಟವಾಯಿತು. ಇದರಲ್ಲಿ ಪೋರ್ಟ್‌ನ ಒಳಗಿನ ಕೆಲವು ತಂತಿಗಳು ಯುಎಸ್‌ಬಿ ಕೆಲಸ ಬಿಟ್ಟು, ಗ್ರಾಫಿಕ್ಸ್ ಭಾಗದಿಂದ ಚಿತ್ರವನ್ನೇ ನೇರವಾಗಿ ಸಾಗಿಸುತ್ತವೆ. ಡ್ರೈವರ್ ಬೇಡ, ಚಿತ್ರ ತಡವರಿಸುವುದೂ ಇಲ್ಲ.

ಆದರೆ ಈ ಸೌಲಭ್ಯ ಕೊಡಬೇಕೋ ಬೇಡವೋ ಎಂಬುದು ಕಂಪ್ಯೂಟರ್ ತಯಾರಿಸುವವರ ಇಷ್ಟ. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಟೈಪ್-ಸಿ ಪೋರ್ಟ್‌ಗಳಲ್ಲಿ ಒಂದು ಚಿತ್ರ ಕೊಡಬಹುದು, ಇನ್ನೊಂದು ಕೊಡದಿರಬಹುದು. ಪೋರ್ಟ್ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಗುರುತು (ಇಂಗ್ಲಿಷಿನ 'ಡಿ' ಮತ್ತು 'ಪಿ' ಸೇರಿದಂತೆ ಕಾಣುತ್ತದೆ) ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಇದ್ದರೆ ಒಳ್ಳೆಯ ಸೂಚನೆ. ಬ್ಯಾಟರಿ ಚಿತ್ರದೊಳಗೆ ಮಿಂಚು ಇದ್ದರೆ ಅದು ಚಾರ್ಜಿಂಗ್‌ಗೆ ಸಂಬಂಧಿಸಿದ್ದು, ಗೊಂದಲ ಬೇಡ. ಯಾವ ಗುರುತೂ ಇಲ್ಲದಿದ್ದರೆ ನಿಮ್ಮ ಮಾಡೆಲ್‌ನ ವಿವರಗಳನ್ನು ಕಂಪನಿಯ ಜಾಲತಾಣದಲ್ಲಿ ನೋಡಿ.

ಕೇಬಲ್ ಕೂಡ ಮುಖ್ಯ. ಫೋನ್ ಚಾರ್ಜರ್ ಜೊತೆ ಬರುವ ಟೈಪ್-ಸಿ ಕೇಬಲ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0 ಮಟ್ಟದವು. ಚಿತ್ರ ಸಾಗಿಸಬೇಕಾದ ವೇಗದ ತಂತಿಗಳೇ ಅವುಗಳಲ್ಲಿ ಇರುವುದಿಲ್ಲ.

ಏನೇ ಆದರೂ ಚಿತ್ರ ಕೊಡುವ ಅಡಾಪ್ಟರ್ ಇದೆಯಂತಲ್ಲ?

ಇದೆ. ಇದೇ ನಿಜವಾದ ಅರ್ಥದಲ್ಲಿ 'ಯುಎಸ್‌ಬಿ ಗ್ರಾಫಿಕ್ಸ್'. ಡಿಸ್‌ಪ್ಲೇಲಿಂಕ್ ಎಂಬುದು ಇದರಲ್ಲಿ ಹೆಸರುವಾಸಿ. ಈ ಕಂಪನಿಯನ್ನು 2020ರಲ್ಲಿ ಸಿನಾಪ್ಟಿಕ್ಸ್ ಕೊಂಡುಕೊಂಡಿತು. ಬೇರೆ ಕಂಪನಿಗಳ ಚಿಪ್‌ಗಳೂ ಇವೆ.

ಇದು ಕೆಲಸ ಮಾಡುವ ಬಗೆ ಬೇರೆ. ಕಂಪ್ಯೂಟರ್‌ನಲ್ಲಿ ಹಾಕಿದ ಡ್ರೈವರ್ ತಂತ್ರಾಂಶವು ಪರದೆಯಲ್ಲಿ ಬದಲಾದ ಭಾಗವನ್ನು ಗುರುತಿಸಿ, ಸಂಕುಚಿತಗೊಳಿಸಿ, ಸಾಮಾನ್ಯ ಯುಎಸ್‌ಬಿ ಮಾಹಿತಿಯಂತೆ ಕಳಿಸುತ್ತದೆ. ಅಡಾಪ್ಟರ್‌ನಲ್ಲಿರುವ ಚಿಪ್ ಅದನ್ನು ಬಿಡಿಸಿ ಮತ್ತೆ ಚಿತ್ರವಾಗಿಸುತ್ತದೆ. ಹಾಗಾಗಿ ಟೈಪ್-ಎ ಪೋರ್ಟ್‌ನಲ್ಲೂ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಮಾನಿಟರ್ ಕೂಡ ಜೋಡಿಸಬಹುದು.

ಆದರೆ ಇದಕ್ಕೊಂದು ಬೆಲೆ ಇದೆ. ಸಂಕುಚಿತಗೊಳಿಸುವ ಕೆಲಸ ಕಂಪ್ಯೂಟರ್‌ನ ಪ್ರೊಸೆಸರ್ ಮೇಲೆ ಬೀಳುತ್ತದೆ. ಇಮೇಲ್, ಎಕ್ಸೆಲ್, ಓದು-ಬರಹಕ್ಕೆ ತೊಂದರೆಯಿಲ್ಲ. ಗೇಮ್, ವಿಡಿಯೋ ಎಡಿಟಿಂಗ್‌ಗೆ ಇದು ತಕ್ಕದ್ದಲ್ಲ.

ಮ್ಯಾಕ್‌ಬುಕ್ ಇರುವವರು ಗಮನಿಸಬೇಕಾದದ್ದೇನು?

ಎಂ1 ಮತ್ತು ಎಂ2 ಮೂಲ ಚಿಪ್‌ನ ಮ್ಯಾಕ್‌ಬುಕ್‌ಗಳು ಹೊರಗಿನ ಒಂದು ಮಾನಿಟರ್‌ಗೆ ಮಾತ್ರ ಚಿತ್ರ ಕೊಡುತ್ತವೆ. ಎರಡು ಎಚ್‌ಡಿಎಂಐ ಇರುವ ಸಾಮಾನ್ಯ ಟೈಪ್-ಸಿ ಹಬ್ ಕೊಂಡರೆ ಎರಡೂ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ಕಾಣುತ್ತದೆ. ಎರಡು ಬೇರೆ ಬೇರೆ ಪರದೆ ಬೇಕಿದ್ದರೆ ಡಿಸ್‌ಪ್ಲೇಲಿಂಕ್‌ನಂಥ ಅಡಾಪ್ಟರ್ ಬೇಕು. ಅದರ ತಂತ್ರಾಂಶ ಮ್ಯಾಕ್‌ನಲ್ಲಿ 'ಸ್ಕ್ರೀನ್ ರೆಕಾರ್ಡಿಂಗ್' ಅನುಮತಿ ಕೇಳುತ್ತದೆ. ಪರದೆಯನ್ನು ಓದದೆ ಅದಕ್ಕೆ ಚಿತ್ರ ಕಳಿಸಲು ಬರುವುದಿಲ್ಲ. ಇದೇ ಕಾರಣಕ್ಕೆ ನಕಲು ರಕ್ಷಣೆ ಇರುವ ಸಿನಿಮಾಗಳು ಆ ಮಾನಿಟರ್‌ನಲ್ಲಿ ಕಪ್ಪಾಗಿ ಕಾಣಬಹುದು.

ಎಚ್ಚರ ಬೇಕಾದದ್ದು ಇಲ್ಲೇ. ಪರದೆಯನ್ನು ಓದಬಲ್ಲ ತಂತ್ರಾಂಶ ನಿಮ್ಮ ಬ್ಯಾಂಕ್ ವಿವರಗಳನ್ನೂ ಓದಬಲ್ಲದು. ಆದ್ದರಿಂದ ವಿಂಡೋಸ್ ಆಗಲಿ ಮ್ಯಾಕ್ ಆಗಲಿ, ಡ್ರೈವರ್ ಅನ್ನು ಚಿಪ್ ಅಥವಾ ಅಡಾಪ್ಟರ್ ತಯಾರಿಸಿದ ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್‌ನಿಂದ ಖಂಡಿತ ಬೇಡ.

ಮಾನಿಟರ್ ಹಿಂದಿರುವ ಯುಎಸ್‌ಬಿ ಪೋರ್ಟ್ ಯಾಕೆ?

ಅನೇಕ ಮಾನಿಟರ್‌ಗಳ ಹಿಂದೆ ಪ್ರಿಂಟರ್‌ನಲ್ಲಿರುವಂಥ ಯುಎಸ್‌ಬಿ ಪೋರ್ಟ್ ಇರುತ್ತದೆ. ಸಾಮಾನ್ಯವಾಗಿ ಇದು ಚಿತ್ರಕ್ಕಲ್ಲ. ಇದನ್ನು ಕಂಪ್ಯೂಟರ್‌ಗೆ ಜೋಡಿಸಿದರೆ ಮಾನಿಟರ್‌ನಲ್ಲಿರುವ ಉಳಿದ ಯುಎಸ್‌ಬಿ ಪೋರ್ಟ್‌ಗಳಿಗೆ ಮೌಸ್, ಕೀಬೋರ್ಡ್ ಹಾಕಿಕೊಳ್ಳಬಹುದು, ಅಷ್ಟೇ.

ಫೋನನ್ನು ಮಾನಿಟರ್‌ಗೆ ಜೋಡಿಸಬಹುದೇ?

ಇದೇ ನಿಯಮ ಫೋನಿಗೂ ಅನ್ವಯಿಸುತ್ತದೆ. 2023ರ ಐಫೋನ್ 15 ಟೈಪ್-ಸಿ ಮೂಲಕ ಚಿತ್ರ ಕೊಡುತ್ತದೆ. ಆದರೆ ಕಡಿಮೆ ಬೆಲೆಯ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳ ಟೈಪ್-ಸಿ ಪೋರ್ಟ್ ಯುಎಸ್‌ಬಿ 2.0 ಮಾತ್ರ. ಅವುಗಳಿಗೆ ಸಾಮಾನ್ಯ ಟೈಪ್-ಸಿ ಎಚ್‌ಡಿಎಂಐ ಅಡಾಪ್ಟರ್ ಹಾಕಿದರೆ ಏನೂ ಕಾಣಿಸುವುದಿಲ್ಲ. ಕೆಟ್ಟಿರುವುದು ಫೋನೂ ಅಲ್ಲ, ಅಡಾಪ್ಟರೂ ಅಲ್ಲ.

ಕೊಳ್ಳುವ ಮುನ್ನ

- ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಇದ್ದರೆ ಮೊದಲ ಮಾನಿಟರ್‌ಗೆ ಅದನ್ನೇ ಬಳಸಿ. ಅದಕ್ಕೆ ಬೇರೆ ಖರ್ಚು ಬೇಡ.
- ಟೈಪ್-ಸಿ ಚಿತ್ರ ಕೊಡುತ್ತದೆಯೇ ಎಂದು ಖಚಿತಪಡಿಸಿಕೊಂಡು ನಂತರ ಹಬ್ ಕೊಳ್ಳಿ. 4ಕೆ ಮಾನಿಟರ್ ಇದ್ದರೆ ಹಬ್ 60 ಹರ್ಟ್ಸ್ ಕೊಡುತ್ತದೆಯೇ ನೋಡಿ. 30 ಹರ್ಟ್ಸ್‌ನಲ್ಲಿ ಮೌಸ್‌ನ ಬಾಣವೂ ತಡವರಿಸಿದಂತೆ ಕಾಣುತ್ತದೆ.
- ಟೈಪ್-ಎ ಮಾತ್ರ ಉಳಿದಿದ್ದರೆ ಚಿಪ್ ಇರುವ ಯುಎಸ್‌ಬಿ ಗ್ರಾಫಿಕ್ಸ್ ಅಡಾಪ್ಟರ್ ಕೊಳ್ಳಿ. ನಿಮ್ಮ ಆಪರೇಟಿಂಗ್ ಸಿಸ್ಟಂಗೆ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿ.
- ಎಸ್‌ಪಿ ರಸ್ತೆಯ ಅಂಗಡಿಯಾಗಲಿ, ಆನ್‌ಲೈನ್ ಆಗಲಿ, ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ಸಂಖ್ಯೆ ಹೇಳಿ ವಿಚಾರಿಸಿ. ವಾಪಸ್ ಮಾಡುವ ಅವಕಾಶ ಇದೆಯೇ ಕೇಳಿ.

ತೀರ್ಪು

ಯಾವುದೇ ಯುಎಸ್‌ಬಿ ಪೋರ್ಟ್‌ಗೆ ಯಾವುದೇ ಕೇಬಲ್ ಹಾಕಿ ಮಾನಿಟರ್ ಜೋಡಿಸಬಹುದು ಎಂಬುದು ಅರ್ಧ ಸತ್ಯ. ಪೋರ್ಟ್‌ನ ಆಕಾರ ನೋಡಿ ಕೊಳ್ಳಬೇಡಿ, ಅದರ ಸಾಮರ್ಥ್ಯ ತಿಳಿದು ಕೊಳ್ಳಿ. ಇಂಥ ಸಲಹೆಯ ಸಂದೇಶ ಬಂದರೆ, ಮುಂದೆ ಕಳಿಸುವ ಮೊದಲು "ಯಾವ ಪೋರ್ಟ್? ಯಾವ ಮಾಡೆಲ್?" ಎಂದು ಒಮ್ಮೆ ಕೇಳಿ ನೋಡಿ.